ಊರಿನ ಜೇನು ತಿಂದರೆ ಸೀನು ನಿಲ್ಲುತ್ತದೆಯೇ?

ಮಳೆ ಹಿಂದೆ ಸರಿದು ಮೆಕ್ಕೆಜೋಳದ ರಾಶಿ ಶುರುವಾಯಿತೆಂದರೆ ನಮ್ಮ ಪಶ್ಚಿಮ ತಾಲ್ಲೂಕುಗಳಲ್ಲಿ ಸೀನಿನ ಕಾಲವೂ ಶುರುವಾಯಿತೆಂದೇ ಲೆಕ್ಕ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ಯಾವ ಊರಿನ ದವಾಖಾನೆಯಲ್ಲಿ ಕುಳಿತರೂ ಆ ದಿನಗಳಲ್ಲಿ ಕೇಳಿಬರುವ ದೂರು ಒಂದೇ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ಮೂಗಿನಿಂದ ನೀರಿನಂತೆ ಸುರಿತ, ಕಣ್ಣಿನಲ್ಲಿ ಮತ್ತು ಅಂಗುಳದಲ್ಲಿ ತುರಿಕೆ. ಜ್ವರವಿಲ್ಲ, ಮೈಕೈ ನೋವಿಲ್ಲ. ಕೆಲವರಿಗೆ ಮಾತ್ರ ರಾತ್ರಿ ಹೊತ್ತು ಎದೆಯಲ್ಲಿ ಸುಯ್ಯೆನ್ನುವ ಸದ್ದು.

ಇವರಲ್ಲಿ ಅನೇಕರು ದವಾಖಾನೆಗೆ ಬರುವ ಮೊದಲೇ ಒಂದು ಸಲಹೆ ಕೇಳಿಕೊಂಡು ಬಂದಿರುತ್ತಾರೆ. ಅಂಗಡಿಯ ಜೇನು ಬೇಡ, ನಿಮ್ಮ ಊರಿನ ಸುತ್ತಮುತ್ತಲೇ ಸಿಗುವ ಹಸಿ ಜೇನನ್ನು ದಿನಾ ಒಂದು ಚಮಚ ತಿನ್ನಿ. ಅದರಲ್ಲಿ ಊರ ಹೂವುಗಳ ಪರಾಗ ಇರುತ್ತದೆ, ದೇಹ ನಿಧಾನಕ್ಕೆ ಅದಕ್ಕೆ ಒಗ್ಗಿಕೊಳ್ಳುತ್ತದೆ, ಅಲರ್ಜಿ ಬುಡಸಮೇತ ಹೋಗುತ್ತದೆ ಎಂಬುದು ಆ ಸಲಹೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳು ಇದರ ಜೊತೆಗೆ ಕುರ್‌ಆನಿನ ಆಯತ್ತನ್ನೂ ಜೋಡಿಸುತ್ತವೆ. ಹಾಗಾಗಿ ಪ್ರಶ್ನೆ ಕೇಳುವವರ ದನಿಯಲ್ಲಿ ಸ್ವಲ್ಪ ಅಳುಕು ಇರುತ್ತದೆ. ಜೇನಿನಿಂದ ಈ ಕಾಯಿಲೆ ಹೋಗುವುದಿಲ್ಲ ಎಂದು ಹಕೀಮರೇ ಹೇಳಿಬಿಟ್ಟರೆ ಗತಿಯೇನು?

ಯೂನಾನಿ ಹಕೀಮನಿಗೆ ಜೇನಿನ ಮೇಲೆ ತಕರಾರು ಇರಲು ಸಾಧ್ಯವಿಲ್ಲ. ನಮ್ಮ ಮಾಜೂನ್, ಜವಾರಿಶ್, ಇತ್ರೀಫಲ್‌ಗಳೆಲ್ಲ ಜೇನು ಅಥವಾ ಸಕ್ಕರೆಯ ಪಾಕದ ಮೇಲೆಯೇ ನಿಂತಿವೆ. ಅಸಲ್ ಎಂಬ ಹೆಸರಿಲ್ಲದ ಯೂನಾನಿ ಔಷಧ ಗ್ರಂಥವನ್ನು ನಾನು ಕಂಡಿಲ್ಲ. ಆದರೂ ಹೇಳಬೇಕಾದದ್ದನ್ನು ಮೊದಲೇ ಹೇಳುತ್ತೇನೆ. ಜೇನಿಗೆ ಅದರದೇ ಆದ ಗುಣಗಳಿವೆ. ಊರಿನ ಜೇನು ಪರಾಗದ ಅಲರ್ಜಿಯನ್ನು ಗುಣಪಡಿಸುತ್ತದೆ ಎಂಬುದು ಮಾತ್ರ ಆ ಗುಣಗಳಲ್ಲಿ ಸೇರಿಲ್ಲ. ಯೂನಾನಿಯ ಹಳೆಯ ಗ್ರಂಥಗಳೂ ಹಾಗೆ ಹೇಳಿಲ್ಲ, ಹೊಸ ಪರೀಕ್ಷೆಗಳೂ ತೋರಿಸಿಲ್ಲ.

ಕಾಣುವ ಹೂವು, ಕಾಣದ ಹೂವು

ಹೂವಿನ ಕಾಲಕ್ಕೆ ಬರುವ ನೆಗಡಿ ಹೊಸ ಕಾಯಿಲೆಯೇನಲ್ಲ. ಸುಮಾರು ಸಾವಿರದ ನೂರು ವರ್ಷಗಳ ಹಿಂದೆಯೇ ಅಬೂ ಬಕ್ರ್ ರಾಝಿ ಇದರ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದಿದ್ದರು. ಅಬೂ ಝೈದ್ ಬಲ್ಖಿ ಎಂಬ ವಿದ್ವಾಂಸರಿಗೆ ಪ್ರತಿ ವಸಂತದಲ್ಲಿ, ಗುಲಾಬಿ ಅರಳುವ ಹೊತ್ತಿಗೆ ಮೂಗು ಸುರಿಯುತ್ತಿತ್ತು. ಅದು ಯಾಕೆ ಅದೇ ಋತುವಿನಲ್ಲಿ ಬರುತ್ತದೆ ಎಂಬುದೇ ರಾಝಿಯವರ ಪ್ರಶ್ನೆ. ಯುರೋಪಿನ ವೈದ್ಯರು ಇದೇ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟದ್ದು ಎಷ್ಟೋ ಶತಮಾನಗಳ ನಂತರ. ಪರಾಗವೇ ಕಾರಣವೆಂದು ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಕ್ಲಿ ತಮ್ಮ ಮೈಮೇಲೆಯೇ ಪ್ರಯೋಗ ಮಾಡಿ ತೋರಿಸಿ, ಪುಸ್ತಕ ಬರೆದದ್ದು 1873ರಲ್ಲಿ.

ಗುಲಾಬಿಯ ಪರಾಗ ಭಾರ, ಅಂಟು. ಅದು ಗಾಳಿಯಲ್ಲಿ ದೂರ ಹಾರುವುದಿಲ್ಲ. ಬಲ್ಖಿಯವರ ಮೂಗನ್ನು ಕಾಡಿದ್ದು ಗುಲಾಬಿಯೇ ಇರಬಹುದು, ಅದೇ ಹೊತ್ತಿಗೆ ಸದ್ದಿಲ್ಲದೆ ಹೂ ಬಿಡುವ ಯಾವುದೋ ಹುಲ್ಲು ಮರವೂ ಇದ್ದಿರಬಹುದು. ಕಣ್ಣಿಗೆ ಕಂಡ ಹೂವಿನ ಮೇಲೆ ತಪ್ಪು ಹೊರಿಸುವುದು ಮನುಷ್ಯರ ಸ್ವಭಾವ. ನಮ್ಮಲ್ಲೂ ಹಾಗೆಯೇ. ಹಡಗಲಿಯ ಮಲ್ಲಿಗೆ, ಯುಗಾದಿ ಹೊತ್ತಿನ ಬೇವಿನ ಹೂ, ಹೊಲದ ಸೂರ್ಯಕಾಂತಿ ಇವುಗಳನ್ನು ದೂರುವವರೇ ಹೆಚ್ಚು.

ನಿಜವಾದ ಅಪರಾಧಿಗಳು ಚೆಂದವಿಲ್ಲದ ಹೂವುಗಳು. ಹುಲ್ಲುಗಳು, ಹುಲ್ಲಿನ ಜಾತಿಗೇ ಸೇರಿದ ಜೋಳ ಮತ್ತು ಮೆಕ್ಕೆಜೋಳ, ಮುಳ್ಳುಹರಿವೆ, ಸರ್ವೆ ಮರ, ಎಲ್ಲಕ್ಕಿಂತ ಮಿಗಿಲಾಗಿ ನಾವು ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ. ಬೆಂಗಳೂರಿನಲ್ಲಿ ನಡೆದ ಸಂಶೋಧನೆಗಳು ಮೂಗಿನ ಅಲರ್ಜಿಗೆ ಪಾರ್ಥೇನಿಯಂ ಪರಾಗ ಒಂದು ದೊಡ್ಡ ಕಾರಣವೆಂದು ಬಹಳ ಹಿಂದೆಯೇ ತೋರಿಸಿವೆ. ಅದನ್ನು ಬರಿಗೈಯಲ್ಲಿ ಕಿತ್ತರೆ ಚರ್ಮವೂ ಕೆರೆಯುತ್ತದೆ. ಇಂಥ ಗಿಡಗಳ ಪರಾಗ ಹಗುರ, ಒಣಕಲು. ಗಾಳಿ ಬೀಸಿದರೆ ಸಾಕು, ಊರೊಳಗೆ, ಮನೆಯೊಳಗೆ, ಮೂಗಿನೊಳಗೆ ಬಂದು ಸೇರುತ್ತದೆ.

ಜೇನ್ನೊಣ ಮಕರಂದಕ್ಕಾಗಿ ಹೋಗುವುದು ಬಣ್ಣ, ಪರಿಮಳವಿರುವ ಹೂವಿಗೆ. ಹುಣಸೆ, ಹೊಂಗೆ, ಬೇವು, ಸೂರ್ಯಕಾಂತಿ, ದಾಳಿಂಬೆ, ಈರುಳ್ಳಿ ಬೀಜದ ಹೊಲ ಇವು ಅದರ ಅಂಗಡಿಗಳು. ಅಂದರೆ ಜೇನಿನಲ್ಲಿ ಹೆಚ್ಚಾಗಿ ಇರುವ ಪರಾಗ ನಮ್ಮ ಸೀನಿಗೆ ಕಾರಣವಾದದ್ದಲ್ಲ. ಸೀನಿಗೆ ಕಾರಣವಾದ ಪರಾಗ ಜೇನಿನಲ್ಲಿರುವುದು ಅತ್ಯಲ್ಪ. ಪೂರ್ತಿ ಇಲ್ಲವೇ ಇಲ್ಲ ಎನ್ನಲಾರೆ. ಹಸಿವಾದಾಗ ಜೇನ್ನೊಣ ಪರಾಗಕ್ಕಾಗಿ ಜೋಳದ ತೆನೆಗೂ ಹೋಗುತ್ತದೆ, ಪಾರ್ಥೇನಿಯಂಗೂ ಹೋಗುತ್ತದೆ. ಬಳ್ಳಾರಿ ಜಾಲಿಯದು ಇನ್ನೂ ವಿಚಿತ್ರ. ಅದರ ಹೂವಿಗೆ ಜೇನ್ನೊಣ ಮುತ್ತುತ್ತದೆ, ಅದರ ಪರಾಗ ಜನರಿಗೆ ಅಲರ್ಜಿಯನ್ನೂ ಉಂಟುಮಾಡುತ್ತದೆ. ಹಾಗಾದರೆ ಜಾಲಿ ಜೇನು ಜಾಲಿ ಅಲರ್ಜಿಗೆ ಮದ್ದಾಗಬಹುದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರ ಪ್ರಮಾಣದಲ್ಲಿದೆ.

ಪರಾಗವನ್ನೇ ಮದ್ದಾಗಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ ನಿಜಕ್ಕೂ ಇದೆ. ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗದ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಇದನ್ನು ವರದಿ ಮಾಡಿದರು. ಇಂದು ಚುಚ್ಚುಮದ್ದಾಗಿ ಅಥವಾ ನಾಲಿಗೆಯ ಕೆಳಗೆ ಇಡುವ ಹನಿ, ಮಾತ್ರೆಗಳಾಗಿ ಅಲರ್ಜಿ ತಜ್ಞರು ಅದನ್ನು ಕೊಡುತ್ತಾರೆ. ಮೊದಲು ಯಾವ ಪರಾಗ ಎಂದು ಪರೀಕ್ಷೆ, ನಂತರ ಅಳೆದ ಪ್ರಮಾಣ, ಹಂತ ಹಂತವಾಗಿ ಏರಿಕೆ, ಮೂರರಿಂದ ಐದು ವರ್ಷ ಪಟ್ಟು ಹಿಡಿದು ಮುಂದುವರಿಸುವುದು. ಜೇನಿನ ಒಂದು ಚಮಚದಲ್ಲಿ ಯಾವ ಪರಾಗ ಎಷ್ಟಿದೆ ಎಂದು ಯಾರು ಅಳೆದಿದ್ದಾರೆ? ಈ ಬಾಟಲಿಗೂ ಮುಂದಿನ ಬಾಟಲಿಗೂ ಹೋಲಿಕೆಯೇ ಇರುವುದಿಲ್ಲ. ಜೇನಿನ ವಿಡಿಯೊಗಳು ಈ ಚಿಕಿತ್ಸೆಯ ತರ್ಕವನ್ನು ಸಾಲ ತಂದಿವೆ, ಅದರ ಅಳತೆಯನ್ನು ಅಲ್ಲಿಯೇ ಬಿಟ್ಟು ಬಂದಿವೆ.

ಪರೀಕ್ಷೆಗಳು ಏನು ಹೇಳುತ್ತವೆ? ಅಮೆರಿಕದ ಕನೆಕ್ಟಿಕಟ್‌ನಲ್ಲಿ 36 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸ್ಥಳೀಯ ಹಸಿ ಜೇನು, ಇನ್ನೊಂದಕ್ಕೆ ಕಾಯಿಸಿ ಸೋಸಿದ ಪೇಟೆಯ ಜೇನು, ಮೂರನೆಯದಕ್ಕೆ ಜೇನಿನ ರುಚಿ ಬೆರೆಸಿದ ಬರೀ ಪಾಕವನ್ನು ದಿನಾ ಒಂದು ದೊಡ್ಡ ಚಮಚ ಕೊಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಜೇನುಗಳು ಪಾಕಕ್ಕಿಂತ ಮೇಲೆ ನಿಲ್ಲಲಿಲ್ಲ. ಫಿನ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬರ್ಚ್ ಮರದ ಪರಾಗವನ್ನು ಬೇಕೆಂದೇ ಜೇನಿಗೆ ಬೆರೆಸಿ ಕೊಟ್ಟಾಗ ತೊಂದರೆ ಕಡಿಮೆಯಾದದ್ದು ನಿಜ. ಆದರೆ ಅದು ಬೆರೆಸಿದ ಪರಾಗ, ಹುಟ್ಟಿನಿಂದ ಹಿಂಡಿದ್ದಲ್ಲ. ಮಲೇಷ್ಯಾದಲ್ಲಿ 40 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನು ವಿಡಿಯೊದವರು ಬಹಳ ಇಷ್ಟಪಡುತ್ತಾರೆ, ಏಕೆಂದರೆ ಅಲ್ಲಿ ಜೇನು ತಿಂದವರಿಗೆ ಗುಣ ಕಂಡಿತು. ಅವರು ಹೇಳದೆ ಬಿಡುವ ಎರಡು ಸಂಗತಿಗಳಿವೆ. ಅಲ್ಲಿದ್ದವರೆಲ್ಲ ಅಲರ್ಜಿಯ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಜೇನಿನ ಪ್ರಮಾಣ ಒಂದು ಕಿಲೊ ದೇಹತೂಕಕ್ಕೆ 1 ಗ್ರಾಂ, ಅಂದರೆ 60 ಕಿಲೊ ತೂಕದವರಿಗೆ ದಿನಕ್ಕೆ 60 ಗ್ರಾಂ. ಅದರಲ್ಲಿ ಸಕ್ಕರೆಯ ಅಂಶವೇ ಸುಮಾರು 48 ಗ್ರಾಂ. ಒಬ್ಬ ವಯಸ್ಕರಿಗೆ ದಿನಕ್ಕೆ 50 ಗ್ರಾಂ ಸಕ್ಕರೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಆ ಲೆಕ್ಕದಲ್ಲಿ ಜೇನೂ ಸೇರಿದೆ. ಮನೆಯಲ್ಲಿ ಶುಗರ್ ಇರುವ ಅಬ್ಬಾಜಾನ್, ಅಮ್ಮೀಜಾನ್ ಇದ್ದರೆ ಈ ಲೆಕ್ಕವನ್ನು ಎರಡು ಸಲ ಓದಿಸಿ.

ಶಿಫಾ ಎಂಬ ಮಾತು

ಸೂರಃ ಅನ್ನಹ್ಲ್‌ನ 68 ಮತ್ತು 69ನೇ ಆಯತ್‌ಗಳಲ್ಲಿ ಅಲ್ಲಾಹನು ಜೇನ್ನೊಣದ ಬಗ್ಗೆ ಹೇಳಿ, ಅದರ ಹೊಟ್ಟೆಯಿಂದ ಬರುವ ಪಾನೀಯದಲ್ಲಿ ಜನರಿಗೆ ಶಿಫಾ ಇದೆಯೆಂದು ತಿಳಿಸಿದ್ದಾನೆ. ಇದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಈ ಆಯತ್ತಿಗೆ ಎಲ್ಲ ಕಾಯಿಲೆಗೂ ಜೇನೊಂದೇ ಸಾಕು ಎಂಬ ಅರ್ಥ ಕಟ್ಟಿದವರು ನಮ್ಮ ಹಿರಿಯ ಉಲಮಾಗಳಲ್ಲ. ಹದಿನಾಲ್ಕನೇ ಶತಮಾನದ ಇಬ್ನ್ ಕಸೀರ್ ತಮ್ಮ ತಫ್ಸೀರಿನಲ್ಲಿ, ತಿಬ್ಬೆ ನಬವಿಯ ಬಗ್ಗೆ ಮಾತನಾಡಿದ ಕೆಲವರ ಅಭಿಪ್ರಾಯವನ್ನು ದಾಖಲಿಸಿದ್ದಾರೆ. ಆಯತ್ತಿನ ಅರಬಿ ಪದ ಎಲ್ಲ ರೋಗದ ಏಕೈಕ ಶಿಫಾ ಎಂಬ ರೂಪದಲ್ಲಿಲ್ಲ. ಜೇನು ಉಷ್ಣ ಗುಣದ್ದಾದ್ದರಿಂದ ಶೀತದಿಂದ ಬಂದ ಕಾಯಿಲೆಗಳಿಗೆ ಒಗ್ಗುತ್ತದೆ, ಯಾವುದನ್ನೇ ಆಗಲಿ ಅದರ ವಿರುದ್ಧ ಗುಣದಿಂದ ಉಪಚರಿಸಬೇಕು ಎಂಬುದು ಆ ವಿವರಣೆಯ ಸಾರ.

ಹೊಟ್ಟೆ ಕೆಟ್ಟಿದ್ದ ಸಹೋದರನಿಗಾಗಿ ಬಂದ ವ್ಯಕ್ತಿಗೆ ಪ್ರವಾದಿ(ಸ)ರು ಜೇನು ಕುಡಿಸಲು ಮತ್ತೆ ಮತ್ತೆ ಹೇಳಿದ ಹದೀಸ್ ಬುಖಾರಿಯಲ್ಲಿದೆ. ಇಬ್ನುಲ್ ಕಯ್ಯಿಮ್ ಇದನ್ನು ವಿವರಿಸುವಾಗ, ಮದ್ದಿನ ಪ್ರಮಾಣ ಕಾಯಿಲೆಯ ಸ್ಥಿತಿಗೆ ತಕ್ಕಂತೆ ಇರಬೇಕೆಂಬ ವೈದ್ಯಕೀಯ ಸೂಕ್ಷ್ಮವನ್ನು ಅದರಲ್ಲಿ ಕಂಡರು. ಯಾವ ಕಾಯಿಲೆ, ಯಾರ ದೇಹ, ಎಷ್ಟು ಪ್ರಮಾಣ ಎಂಬ ಮೂರು ಪ್ರಶ್ನೆಗಳಿಲ್ಲದೆ ನಮ್ಮ ಪರಂಪರೆಯಲ್ಲಿ ಚಿಕಿತ್ಸೆಯೇ ಇಲ್ಲ. ಎಲ್ಲಾ ಕಾಯಿಲೆಗಳಿಗೂ ಅಲ್ಲಾಹನು ಮದ್ದು ಇರಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬುದೂ ಪ್ರವಾದಿ(ಸ)ರ ಬೋಧನೆಯೇ. ಅಲರ್ಜಿಯ ಮಾತ್ರೆಯೂ ಉಬ್ಬಸದ ಪಂಪೂ ಆ ಮಾತಿನ ಹೊರಗೆ ಇಲ್ಲ.

ಯೂನಾನಿಯಲ್ಲಿ ಜೇನಿನ ಮಿಜಾಜ್ ಎರಡನೇ ದರ್ಜೆಯ ಉಷ್ಣ ಮತ್ತು ಶುಷ್ಕ. ಗಟ್ಟಿ ಬಲ್ಗಮ್ಮನ್ನು ಸಡಿಲಿಸುತ್ತದೆ, ಗಂಟಲನ್ನು ತೊಳೆಯುತ್ತದೆ. ಆದ್ದರಿಂದ ಚಳಿಗೆ ಬಂದ ನಜ್ಲಾ, ಬಿಳಿ ಗಟ್ಟಿ ಕಫ, ರಾತ್ರಿಯ ಕೆಮ್ಮು ಇವುಗಳಿಗೆ ಬಿಸಿನೀರಿನಲ್ಲಿ ಒಂದು ಚಮಚ ಜೇನು ಒಳ್ಳೆಯದೇ. ಒಂದು ವರ್ಷ ದಾಟಿದ ಮಕ್ಕಳ ಶೀತದ ಕೆಮ್ಮಿಗೆ ಮಲಗುವ ಮುಂಚೆ ಕೊಟ್ಟ ಜೇನು ಆರಾಮ ಕೊಡುತ್ತದೆಂದು ಆಧುನಿಕ ಪರೀಕ್ಷೆಗಳೂ ಒಪ್ಪಿವೆ. ಉರಿ, ತುರಿಕೆ, ಕೆಂಪು ಕಣ್ಣು, ಬೆಂಕಿಯಂಥ ತೆಳು ನೀರು ಸುರಿಯುವ ನಜ್ಲಾ ಬೇರೆಯೇ. ಅದನ್ನು ನಮ್ಮವರು ಹಾರ್, ಅಂದರೆ ಉಷ್ಣ ನಜ್ಲಾ ಎಂದರು. ಅದಕ್ಕೆ ಬಿಹಿದಾನ, ಉನ್ನಾಬ್, ಸಪಿಸ್ತಾನ್ (ನಮ್ಮ ಚಳ್ಳೆ ಹಣ್ಣು) ಇಂಥ ತಂಪು, ಲೋಳೆಯ ಮದ್ದುಗಳನ್ನು ಆರಿಸಿದರು. ರಾಶಿ ಕಾಲದ ಅಲರ್ಜಿಯ ಲಕ್ಷಣ ಯಾವುದಕ್ಕೆ ಹತ್ತಿರ ಎಂದು ನೀವೇ ನೋಡಿ. ಅಂದಮೇಲೆ ಹಳೆಯ ಹಕೀಮರೂ ಈ ರೋಗಿಗೆ ಮೊದಲು ಜೇನಿನ ಬಾಟಲಿ ತೋರಿಸುತ್ತಿರಲಿಲ್ಲ.

ಜೇನು ತಿಂದರೂ ತಿನ್ನದಿದ್ದರೂ ಅಷ್ಟೇ ತಾನೆ, ನಷ್ಟವೇನು ಎಂದು ಕೆಲವರು ಕೇಳುತ್ತಾರೆ. ನಷ್ಟ ಇದೆ.

ಕೊಟ್ಟೂರು ಕಡೆಯ ಒಂದು ಹೆಣ್ಣುಮಗು, ಹೈಸ್ಕೂಲು ಓದುವ ವಯಸ್ಸು. ಮೂಗಿನ ಅಲರ್ಜಿ ಎದೆಗೆ ಇಳಿದು ಉಬ್ಬಸವಾಗಿತ್ತು, ಎದೆ ತಜ್ಞರು ದಿನಾ ಎಳೆಯುವ ಪಂಪ್ ಬರೆದುಕೊಟ್ಟಿದ್ದರು. ದಾದಿಯವರು ಅದನ್ನು ಬಿಡಿಸಿ ಹಸಿ ಜೇನು ಶುರು ಮಾಡಿದರು. ಮೂರು ವಾರ ಕಳೆದು ಒಂದು ರಾತ್ರಿ ಕರೆತಂದಾಗ ಆ ಮಗು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರದ ಸ್ಥಿತಿಯಲ್ಲಿತ್ತು. ನೇರ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ, ಅಲ್‌ಹಮ್ದುಲಿಲ್ಲಾಹ್ ಬದುಕಿತು. ದಾದಿ ಜೇನಿನ ಮೇಲಿನ ನಂಬಿಕೆಯಿಂದ ಮಾತ್ರ ಹಾಗೆ ಮಾಡಿರಲಿಲ್ಲ. "ಹಕೀಮ್ ಸಾಬ್, ಪಂಪು ರೂಢಿ ಆಗಿಬಿಟ್ರೆ ನಾಳೆ ಸಂಬಂಧ ಹುಡುಕೋದು ಹ್ಯಾಂಗ?" ಎಂದರು. ಇದು ಅವರೊಬ್ಬರ ಮಾತಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಪಂಪು ತಲೆದಿಂಬಿನ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟಿರುತ್ತದೆ. ಪಂಪು ಚಟವಲ್ಲ. ಅದರಲ್ಲಿರುವ ಮದ್ದಿನ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ, ಅದು ಬೇಕಾದ ಜಾಗಕ್ಕೇ ಹೋಗುತ್ತದೆ. ಯೂನಾನಿ ಮದ್ದು ಶುರು ಮಾಡುವವರಿಗೂ ನಾನು ಹೇಳುವುದು ಇಷ್ಟೇ: ಪಂಪನ್ನು ನಿಲ್ಲಿಸುವ, ಕಡಿಮೆ ಮಾಡುವ ತೀರ್ಮಾನ ಅದನ್ನು ಬರೆದವರದು. ಎದೆ ಸುಯ್ಗುಡುವುದು, ಮಾತು ತುಂಡಾಗುವುದು, ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು ಕಂಡರೆ ಯಾವ ಹಕೀಮರ ಬಳಿಗೂ ಬರಬೇಡಿ, ಆಸ್ಪತ್ರೆಗೆ ಓಡಿ.

ಇನ್ನೊಂದು ನಷ್ಟ ನವಜಾತ ಶಿಶುಗಳದ್ದು. ಹುಟ್ಟಿದ ಮಗುವಿನ ಬಾಯಿಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಈಗ ಅಲರ್ಜಿ ಬಾರದಿರಲಿ ಎಂದೂ ನೆಕ್ಕಿಸುತ್ತಿದ್ದಾರೆ. ಒಂದು ವರ್ಷ ತುಂಬುವವರೆಗೆ ಜೇನು ಹನಿಯಷ್ಟೂ ಬೇಡ. ಬಾಟುಲಿಸಂ ಎಂಬ ಕಾಯಿಲೆಯ ಸೂಕ್ಷ್ಮಾಣುವಿನ ಬೀಜಕಗಳು ಜೇನಿನಲ್ಲಿ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಹಸುಗೂಸಿನ ಕರುಳು ತಡೆಯುವುದಿಲ್ಲ. ಮಗುವಿಗೆ ಮಲಬದ್ಧತೆ, ಮೊಲೆ ಚೀಪಲಾಗದಿರುವುದು, ಅಳು ಕ್ಷೀಣವಾಗುವುದು, ಕೈಕಾಲು ಜೋತುಬೀಳುವುದು ಇದರ ಲಕ್ಷಣ. ಮನೆಯಲ್ಲಿ ಜೇನು ಕಾಯಿಸಿದರೂ ಬೀಜಕ ಸಾಯದು. ತಹ್ನೀಕ್‌ನ ಸುನ್ನತ್ ಹದೀಸ್‌ಗಳಲ್ಲಿ ಬಂದಿರುವುದು ಖಜೂರದಿಂದ. ಅಬ್ದುಲ್ಲಾ ಇಬ್ನ್ ಝುಬೈರ್(ರ) ಹುಟ್ಟಿದಾಗ ಪ್ರವಾದಿ(ಸ)ರು ಖಜೂರವನ್ನೇ ಮೆದ್ದು ಅಂಗುಳಕ್ಕೆ ಸವರಿದ್ದರು. ಅದನ್ನು ಪಾಲಿಸಬೇಕೆಂಬ ಮನೆಯವರು ಹೆರಿಗೆಯ ವೈದ್ಯರನ್ನು ಕೇಳಿ, ತೊಳೆದ ಕೈಯಿಂದ, ಮೆತ್ತಗೆ ಮಾಡಿದ ಖಜೂರದ ಲೇಪ ಮಾತ್ರ ಸವರಲಿ.

ಮೂರನೆಯದು ಅಪರೂಪ, ಆದರೂ ನಮ್ಮ ಸೀಮೆಯವರು ತಿಳಿದಿರಬೇಕು. ಸೂರ್ಯಕಾಂತಿಯೂ ಪಾರ್ಥೇನಿಯಂ ಕೂಡ ಒಂದೇ ಸಸ್ಯ ಕುಟುಂಬದವು. ಆ ಕುಟುಂಬದ ಪರಾಗಕ್ಕೆ ತೀವ್ರ ಅಲರ್ಜಿ ಇರುವವರು ಪರಾಗ ತುಂಬಿದ ಹಸಿ ಜೇನು ತಿಂದು ಬಾಯಿ ಊದಿಕೊಂಡ, ಮೈತುಂಬ ಗಂಧೆ ಎದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಜೇನು ತಿಂದ ಕೂಡಲೇ ತುಟಿ, ಗಂಟಲು ಕಡಿದರೆ ಅದು ದೇಹ ಒಗ್ಗಿಕೊಳ್ಳುವ ಗುರುತಲ್ಲ, ನಿಲ್ಲಿಸಬೇಕಾದ ಗುರುತು.

ಅಷ್ಟಕ್ಕೂ ಕೈಗೆ ಸಿಗುವುದು ಜೇನೇ ಹೌದೇ? ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆ. ಅಸಲಿ ಜೇನು ಯಾವುದೆಂದು ತಪ್ಪದೆ ಗುರುತಿಸುವವರು ನಮ್ಮ ಜಿಲ್ಲೆಯಲ್ಲಿ ಬಹುಶಃ ಆ ಕರಡಿಗಳೇ. ರಸ್ತೆ ಬದಿ ಬಕೆಟಿನಲ್ಲಿ ಹುಟ್ಟು ತೇಲಿಸಿಕೊಂಡು ಮಾರುವವರ ಬಳಿ ಹುಟ್ಟು ನಿಜವಿರುತ್ತದೆ, ಕೆಳಗಿರುವುದು ಬೆಲ್ಲದ ಪಾಕವಿರಬಹುದು. ಬ್ರ್ಯಾಂಡುಗಳ ಕಥೆಯೂ ಹಿತವಾದದ್ದಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರಿನಲ್ಲಿ 13 ಬ್ರ್ಯಾಂಡುಗಳ ಪರೀಕ್ಷೆಯ ಫಲಿತಾಂಶ ಹೊರತಂದಾಗ 10 ಬ್ರ್ಯಾಂಡುಗಳು ಶುದ್ಧತೆಯ ಪರೀಕ್ಷೆಯಲ್ಲಿ ಬಿದ್ದಿದ್ದವು. ಲೋಟದ ನೀರಿಗೆ ಹನಿ ಬಿಡುವುದು, ಕಡ್ಡಿ ಗೀರುವುದು, ಇರುವೆ ಬರುತ್ತದೆಯೇ ಎಂದು ಕಾಯುವುದು ಇವೆಲ್ಲ ದಪ್ಪ ಪಾಕದ ಮುಂದೆ ಸೋಲುತ್ತವೆ. ಚಳಿಗೆ ಹರಳುಗಟ್ಟಿದ ಜೇನನ್ನು ಸಕ್ಕರೆ ಎಂದು ಚೆಲ್ಲುವವರಿದ್ದಾರೆ. ಸೂರ್ಯಕಾಂತಿ ಜೇನು ಬೇಗ ಹರಳುಗಟ್ಟುವುದು ಅದರ ಸಹಜ ಗುಣ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಕರಗುತ್ತದೆ. ಪೆಟ್ಟಿಗೆ ಇಟ್ಟು ಜೇನು ಸಾಕುವ ಪರಿಚಯದ ರೈತರಿಂದ, ಕಣ್ಣೆದುರು ತೆಗೆದದ್ದನ್ನು ಕೊಳ್ಳುವುದೇ ನನಗೆ ಸರಿಯಾಗಿ ಕಾಣುತ್ತದೆ. ತಿನ್ನಲು ಕೊಳ್ಳಿ, ಕೆಮ್ಮಿಗೆ ಕೊಳ್ಳಿ.

ಸೀನಿಗೆ ಏನು ಮಾಡಬೇಕು?

ಮೊದಲು ಯಾವಾಗ, ಎಲ್ಲಿ ಹೆಚ್ಚು ಎಂದು ಎರಡು ವಾರ ಬರೆದಿಡಿ. ಪರಾಗ ಎಂದುಕೊಂಡು ಬರುವ ಎಷ್ಟೋ ಜನರ ನಿಜವಾದ ಶತ್ರು ಕಣದ ಹೊಟ್ಟಿನ ಧೂಳು, ಹಳೆಯ ಹಾಸಿಗೆಯಲ್ಲಿರುವ ಧೂಳಿನ ನುಸಿ, ಇಲ್ಲವೇ ಜುಮೇರಾತ್ ಸಂಜೆ ಮನೆತುಂಬ ಹಾಕುವ ಲೋಬಾನದ ಹೊಗೆ. ಉಬ್ಬಸದವರಿರುವ ಮನೆಯಲ್ಲಿ ಲೋಬಾನ, ಊದುಬತ್ತಿ ನಿಲ್ಲಿಸಿದರೆ ಯಾವ ಸವಾಬೂ ಕಡಿಮೆಯಾಗದು. ರಾಶಿ ಮಾಡುವಾಗ ಟವೆಲನ್ನು ಎರಡು ಮಡಿಕೆ ಮಾಡಿ ಮೂಗು ಬಾಯಿ ಕಟ್ಟಿಕೊಳ್ಳಿ, ಮಾಸ್ಕ್ ಸಿಕ್ಕರೆ ಇನ್ನೂ ಒಳ್ಳೆಯದು. ಹೊಲದಿಂದ ಬಂದವರು ಬಟ್ಟೆ ಬದಲಿಸಿ, ಸ್ನಾನ ಮಾಡಿಯೇ ಹಾಸಿಗೆಯ ಮೇಲೆ ಕೂರಲಿ. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ, ಕೈಗೆ ಗವಸು ಹಾಕಿ ಬೇರುಸಹಿತ ಕಿತ್ತುಹಾಕಿ. ಮಸೀದಿಯ ಸುತ್ತ, ಖಬರಸ್ತಾನದಲ್ಲಿ ಅದು ಆಳೆತ್ತರ ಬೆಳೆದಿರುವುದನ್ನು ನೋಡುತ್ತೇನೆ. ಜಮಾಅತಿನ ಯುವಕರಿಗೆ ಒಂದು ಭಾನುವಾರದ ಕೆಲಸವದು. ಮೂಗಿನ ಸ್ಪ್ರೇ, ಅಲರ್ಜಿಯ ಮಾತ್ರೆಗಳು ವೈದ್ಯರ ಸಲಹೆಯಂತೆ ಬಳಸಿದರೆ ಸುರಕ್ಷಿತ. ಸ್ಪ್ರೇ ಒಂದೇ ದಿನಕ್ಕೆ ಫಲ ಕೊಡುವುದಿಲ್ಲ, ವಾರ ಕಾಯಬೇಕು.

ವುಝೂವಿನಲ್ಲಿ ಮೂಗಿಗೆ ನೀರೆಳೆದು ಸ್ವಚ್ಛಗೊಳಿಸುವುದನ್ನು ಅವಸರದಲ್ಲಿ ಬರೀ ಒದ್ದೆ ಮಾಡಿ ಮುಗಿಸಬೇಡಿ. ಕುಳಿತ ಧೂಳು, ಪರಾಗ ತೊಳೆದುಹೋಗುತ್ತದೆ. ಉಪವಾಸವಿಲ್ಲದಾಗ ಚೆನ್ನಾಗಿ ಎಳೆಯಿರಿ ಎಂದೇ ಹದೀಸಿನಲ್ಲಿದೆ. ಸೀನು ಹೆಚ್ಚಿರುವ ದಿನಗಳಲ್ಲಿ ಇದರ ಜೊತೆ ಸಂಜೆಯೊಮ್ಮೆ ಉಪ್ಪುನೀರಿನಿಂದ ತೊಳೆಯಿರಿ. ಕಾಲು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆರಿಸಿ, ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು ಕರಗಿಸಿ. ಕುದಿಸದ ಬೋರ್‌ವೆಲ್ ನೀರನ್ನು ಇದಕ್ಕೆ ಬಳಸಬೇಡಿ. ತಲೆ ಒಂದು ಕಡೆ ವಾಲಿಸಿ, ಬಾಯಿಂದ ಉಸಿರಾಡುತ್ತ, ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಹೊರಬರಲಿ. ರಮಝಾನಿನಲ್ಲಿ ಇದನ್ನು ಇಫ್ತಾರಿನ ನಂತರ ಮಾಡಿ. ದಿನಕ್ಕೆ ಎರಡು ಸಲದ ಪಂಪನ್ನು ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಹೊಂದಿಸಬಹುದೇ ಎಂದು ತಿಂಗಳು ಹುಟ್ಟುವ ಮೊದಲೇ ವೈದ್ಯರನ್ನು ಕೇಳಿ. ಹಗಲಿನಲ್ಲಿ ಉಸಿರು ಕಟ್ಟಿದರೆ ಪಂಪು ಎಳೆಯಿರಿ. ರೋಝಾದ ಮಸ್‌ಅಲಾ ಆಮೇಲೆ ನಿಮ್ಮ ಆಲಿಮರ ಬಳಿ ಕೇಳಬಹುದು. ರೋಗಿಗೆ ಬೇರೆ ದಿನ ಪೂರೈಸುವ ಅವಕಾಶವನ್ನು ಸೂರಃ ಅಲ್‌ಬಕರ ಕೊಟ್ಟಿದೆ.